ಡಬ್ಬಿಯೊಳಗಿನ ನಳಿಗೆ

ಹಳಿಯಾಳದ ನನ್ನ ಔಷಧ ಅಂಗಡಿಯಲ್ಲಿ ಹೆಂಗಸರ ಸಾಮಾನನ್ನು ಹಳೆ ಪೇಪರಿನಲ್ಲಿ ಸುತ್ತಿ, ತಲೆ ಎತ್ತದೆ ಕೊಡುವುದು ರೂಢಿ. ಅರವತ್ತು ದಾಟಿದ ಹೆಂಗಸೊಬ್ಬರು ಡಾಕ್ಟರ ಚೀಟಿ ತಂದಾಗಲೂ ಹಾಗೆಯೇ ಮಾಡಿದೆ. ಮುಟ್ಟು ನಿಂತ ಮೇಲೆ ಒಳಗೆಲ್ಲ ಒಣಗಿ, ಪದೇ ಪದೇ ಮೂತ್ರಕ್ಕೆ ಅವಸರವಾಗುವವರಿಗೆ ಬರೆಯುವ ಹಾರ್ಮೋನ್ ಕ್ರೀಮು ಅದು. ‘ಮಲಗೂ ಮುಂದ ಹಚ್ಕೋರಿ’ ಎಂದೆ. ಎಲ್ಲಿಗೆ ಎಂದು ಹೇಳಲಿಲ್ಲ.

ತಿಂಗಳ ಮೇಲೆ ಸಿಟ್ಟಿನಿಂದ ಬಂದರು. ‘ಏನೂ ಗುಣ ಇಲ್ರಿ. ದಾಂಡೇಲಿಗೆ ಮಗಳ ಮನಿಗೆ ಹೋಗಬೇಕಂದ್ರ ನಡುವ ಎರಡು ಸಲ ಬಸ್ ನಿಲ್ಲಸಬೇಕು. ಹೋಗೂದ ಬಿಟ್ಟೇನಿ.’

‘ಎಲ್ಲಿ ಹಚ್ಚತೀರಿ?’

‘ಕಿಬ್ಬೊಟ್ಟಿಗೆ.’

‘ಡಬ್ಬ್ಯಾಗ ಪ್ಲಾಸ್ಟಿಕ್ ನಳಿಗಿ ಇತ್ತಲ್ಲ?’

‘ಅದು ಫ್ರೀ ಬಂದದ್ದಲ್ಲೇನು? ಮನ್ಯಾಗ ಮಗನ ಮಗಳು ಅದರಾಗ ಗೊಂಬಿಗೆ ಹಾಲು ಕುಡಸ್ತಾಳ.’

ಹಲ್ಲುಪುಡಿಗೂ ಚಮಚ ಫ್ರೀ ಕೊಡುತ್ತಿದ್ದ ಕಾಲ ಅದು. ನಾನು ಗುಳಿಗೆಗಳ ಕಪಾಟಿಗೆ ಮುಖ ಮಾಡಿ ನಿಂತು, ಕ್ರೀಮನ್ನು ನಳಿಗೆಯಲ್ಲಿ ತುಂಬಿ ಯೋನಿಯ ಒಳಗೆ ಹಾಕಿಕೊಳ್ಳಬೇಕೆಂದು ಒಂದೇ ಉಸಿರಿನಲ್ಲಿ ಹೇಳಿದೆ.

‘ಇಷ್ಟು ಹೇಳಾಕ ನಿಮಗ ಒಂದು ತಿಂಗಳು ಬೇಕಾತೇನ್ರಿ?’ ಎಂದು ಹೊಸ ಡಬ್ಬಿ ಒಯ್ದರು.

ಮೂರು ತಿಂಗಳ ಮೇಲೆ, ಅಂಗಡಿ ತುಂಬ ಗಿರಾಕಿಗಳಿದ್ದಾಗ, ಬಾಗಿಲಿನಿಂದಲೇ ಕ್ರೀಮಿನ ಹೆಸರು ಕೂಗಿದರು. ನಾನು ಪೇಪರ್ ಹರಿಯತೊಡಗಿದೆ.

‘ಸುತ್ತಬ್ಯಾಡ್ರಿ, ದಾಂಡೇಲಿ ಬಸ್ ನಿಂತೈತಿ.’