ಹಣ್ಣಾದವೆಂದು ಆರಿಸಿದ ಹುಳಗಳು

ಎಂಬತ್ತರ ದಶಕದಲ್ಲಿ, ಅಕ್ಕನ ಮದುವೆ ಗೊತ್ತಾದ ವರ್ಷ, ಅಮ್ಮ ಒಂದು ಹಟ ಹಿಡಿದಳು. ನಮ್ಮದು ತಿರುಪ್ಪೂರಿನ ಹತ್ತಿರ, ಕರುಮತ್ತಂಪಟ್ಟಿ ಕಡೆಯ ಕನ್ನಡ ನೇಕಾರರ ಮನೆ. ಮದುಮಗಳ ಸೀರೆ ಮನೆಯ ಮಗ್ಗದಲ್ಲೇ ಆಗಬೇಕು. ಈ ಸಲ ನೂಲೂ ನಮ್ಮದೇ ಇರಲಿ ಎಂದು ಹಿತ್ತಲ ಕೋಣೆಯಲ್ಲಿ ರೇಷ್ಮೆ ಹುಳ ಸಾಕಿದಳು. ಕಣ್ಣುಮುಚ್ಚಿ ನೂಲು ಗುರುತಿಸುವ ನಮಗೆ ಹುಳದ ವಿಷಯ ಏನೇನೂ ಗೊತ್ತಿರಲಿಲ್ಲ. ನನ್ನ ಜಂಭಕ್ಕೆ ಮಾತ್ರ ಕಡಿಮೆಯಿರಲಿಲ್ಲ.

ಗೂಡು ಕಟ್ಟುವ ಮುಂಚೆ ಹುಳ ಹಣ್ಣಾಗುತ್ತದೆ, ಮೈ ಹೊಳೆಯುತ್ತದೆ, ಸೊಪ್ಪು ಬಿಟ್ಟು ಅಲೆಯುತ್ತದೆ. ಆಗ ಆರಿಸಿ, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು ಎಂದು ಕೇಳಿದ್ದೆ. ಒಂದು ಬೆಳಿಗ್ಗೆ ಕೆಲವು ಹುಳ ಉಬ್ಬಿ, ಹಳದಿಯಾಗಿ, ಮಿರಮಿರ ಮಿಂಚುತ್ತ ತಟ್ಟೆಗಳ ಅಂಚಿನಲ್ಲಿ ಅಲೆಯುತ್ತಿದ್ದವು. ಆಹಾ, ಹಣ್ಣಾದವು ಎಂದು ಯಾರನ್ನೂ ಕೇಳದೆ ಎಲ್ಲ ತಟ್ಟೆಗಳಲ್ಲೂ ಕೈಯಾಡಿಸಿ ಆರಿಸಿದೆ. ಬೆರಳಿಗೆ ಹಾಲಿನಂಥದ್ದೇನೋ ಅಂಟಿತು. ಲಂಗಕ್ಕೆ ಒರೆಸಿಕೊಂಡು ಮುಂದುವರಿಸಿದೆ.

ಮರುದಿನವೇ ಅವು ಒಡೆದು ಸೋರಿದವು. ಐದಾರು ದಿನದಲ್ಲಿ ಉಳಿದವೂ ಹಾಗೇ ಆದವು. ಒಂದೇ ಒಂದು ಗೂಡೂ ಸಿಗಲಿಲ್ಲ. ಮುಟ್ಟಾದವರು ಯಾರೋ ಕೋಣೆಗೆ ಕಾಲಿಟ್ಟಿದ್ದಾರೆ ಎಂದು ಅಮ್ಮ ಕೂಗಾಡಿದಳು. ಆ ವಾರ ಹೊರಗೆ ಕೂತಿದ್ದವಳು ಅಕ್ಕ.

"ನಾನೇ ಹೋಗಿದ್ದೆ" ಎಂದಳು ಅಕ್ಕ. ಅಮ್ಮ ಕೆನ್ನೆಗೆ ಬಾರಿಸಿದಳು. ಮೂರು ದಿನವೂ ಜಗಲಿಗೇ ಅವಳ ಊಟ ಕೊಂಡೊಯ್ದವಳು ನಾನು. ಅವಳು ಅಲ್ಲಿಂದ ಕದಲಿರಲಿಲ್ಲ. ಅಮ್ಮನ ಬಾಯಿಗೆ ಹೆದರಿ ಹೇಳಿದಳು ಎಂದುಕೊಂಡೆ. ಅವಳು ಹೋಗಿರಲಿಲ್ಲವೆಂದು ನಾನೂ ಅಮ್ಮನಿಗೆ ಹೇಳಲಿಲ್ಲ. ಅಕ್ಕ ಅಂಗಡಿ ಸೀರೆಯಲ್ಲಿ ಧಾರೆಗೆ ನಿಂತಳು.

ಎಷ್ಟೋ ವರ್ಷಗಳ ಮೇಲೆ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನ್ನ ಮಗಳು ಈ ಹುಳಗಳ ಕತೆ ಕೇಳಿ ಹೇಳಿದಳು: ಅದು ಹಾಲುತೊಂಡೆ ರೋಗ, ವೈರಸ್ಸಿನದು. ವೈರಸ್ ಹೊಕ್ಕ ಜೀವಕೋಶ ತನ್ನನ್ನು ತಾನೇ ಕೊಂದುಕೊಳ್ಳಬಲ್ಲದಂತೆ. ಅದು ಬೇಗ ಸತ್ತರೆ ವೈರಸ್ ಬೆಳೆಯುವುದಿಲ್ಲ, ಪಕ್ಕದ ಕೋಶಗಳು ಉಳಿಯುತ್ತವೆ. ಅದಕ್ಕೇ ವೈರಸ್ ಒಂದು ಪ್ರೋಟೀನ್ ಮಾಡಿಸಿ ಆ ಸಾವಿಗೇ ಅಡ್ಡ ಹಾಕುತ್ತದೆ. ಸಾಯಬೇಕಾದ ಕೋಶ ಬದುಕಿಯೇ ಇದ್ದು ಒಳಗೆಲ್ಲ ವೈರಸ್ ತುಂಬಿಕೊಳ್ಳುತ್ತದೆ. ಹುಳ ಉಬ್ಬುತ್ತದೆ, ಮಿಂಚುತ್ತದೆ. ಸೋರುವ ಹಾಲಿನ ತುಂಬ ಅದೇ ವೈರಸ್.

ಆ ಹಾಲನ್ನು ತಟ್ಟೆ ತಟ್ಟೆಗೂ ಹಂಚಿದ್ದು ನನ್ನ ಬೆರಳುಗಳು!

ಆವತ್ತೇ ಬಸ್ಸು ಹತ್ತಿ ತಿರುಪ್ಪೂರಿಗೆ, ಅಕ್ಕನ ಮನೆಗೆ ಹೋದೆ. ಅತ್ತುಕೊಂಡು ಎಲ್ಲ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು, ತಲೆಯೆತ್ತಲಿಲ್ಲ.

"ಗೊತ್ತು, ನನ್ ಕಣ್ಣು. ನಾಲ್ಕ್ನೇ ದಿನ ಮಿಂದು ಒಳಗ್ ಬಂದ್ಮೇಲೆ, ಹುಳದ್ ಹಾಲಂಟಿದ್ದ ನಿನ್ ಲಂಗ ಒಗ್ದವ್ಳು ನಾನೇ ಅಲ್ವಾ."