ಕಾದಂಬರಿಯಲ್ಲಿ ಕೊಂದವನು ಯಜಮಾನ

ಕೇಳಿ ಮಿತ್ರರೇ, ಕಿವಿಗೊಟ್ಟು ಕೇಳಿ! ಬಹ್ರೈನಿನ ಮನಾಮದಲ್ಲಿ ನಾವು ಕನ್ನಡಿಗರೇ ಸೇರಿ ಏರ್ಪಡಿಸಿದ್ದ ಕನ್ನಡ ಸಿನಿಮಾದ ಒಂದೇ ಒಂದು ಆಟ ಇವತ್ತು ಮಧ್ಯಾಹ್ನ ಮುಗಿದು ದೀಪ ಹತ್ತಿದಾಗ, ನನ್ನ ಪಕ್ಕದಲ್ಲಿದ್ದ ಸದಾನಂದ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

ಸದಾನಂದ ಇಲ್ಲೇ ಹತ್ತಿರದ ಅರಾದ್ ಎಂಬ ಊರಿನ ಒಂದು ಮನೆಯಲ್ಲಿ ಡ್ರೈವರ್. ವಿಸಿಟ್ ವೀಸಾದಲ್ಲಿ ಬಂದಿರುವ ಹೆಂಡತಿ ಸುಜಾತಾಳನ್ನು ಈ ಸಿನಿಮಾಕ್ಕೆ ಕರೆತರಲು ಹುರಿದುಂಬಿಸಿದವನು ನಾನೇ. ಇದರ ಮೂಲ ಕಾದಂಬರಿ ಓದಿದ್ದೆನಲ್ಲ! ಅದರಲ್ಲಿ ಒಂದು ಕೊಲೆಯಾಗಿ ಎಲ್ಲರೂ ಡ್ರೈವರನನ್ನು ಅನುಮಾನಿಸುತ್ತಾರೆ, ಕೊನೆಗೆ ನೋಡಿದರೆ ಕೊಂದವನು ಯಜಮಾನ. ಸಿನಿಮಾದಲ್ಲಿ ಯಜಮಾನ ಸಾಧುವಾಗಿ, ಡ್ರೈವರನೇ ಕೊಲೆಗಾರನಾಗಿಬಿಟ್ಟ. ಅವನ ಕೈಗೆ ಕೋಳ ಬಿದ್ದಾಗ ಜನ ಚಪ್ಪಾಳೆ ತಟ್ಟಿದರು. ಅವರಲ್ಲಿ ಎಷ್ಟೋ ಮಂದಿ ಸದಾನಂದನಂಥವರು ಓಡಿಸಿದ ಕಾರಿನಲ್ಲೇ ಬಂದವರು.

"ಡ್ರೈವರ್ ಒಳ್ಳೆಯವ ಅಂತ ಹೇಳಿದ್ರಲ್ವಾ ಅಣ್ಣ? ನಾನು ಇವಳಿಗೆ ಹಾಗೇ ಹೇಳಿ ಕರ್ಕೊಂಡು ಬಂದದ್ದು," ಎಂದ ಸದಾನಂದ.

"ಪುಸ್ತಕದಲ್ಲಿ ಹಾಗೇ ಉಂಟು ಮಾರಾಯಾ!" ಎಂದು ಗುಡುಗಿದೆ. ಬಾಗಿಲ ಬಳಿ ಇದ್ದವರೂ ತಿರುಗಿ ನೋಡಿದರು.

"ಹಾಗಾದ್ರೆ ಸಿನಿಮಾದವರಿಗೆ ನಾವೇ ಯಾಕೆ ಸಿಕ್ಕಿದ್ದು?"

ಸುಜಾತಾ ಗಂಡನ ತೋಳು ಹಿಡಿದು ಎಬ್ಬಿಸಿದಳು. "ಏಳಿ, ಏಳಿ. ಜಿರಳೆ ಕಂಡ್ರೆ ನನ್ನನ್ನು ಕರೆಯುವ ಜನ ನೀವು. ಇನ್ನು ಕೊಲೆ ಬೇರೆ ಮಾಡ್ತೀರಾ?"

ಸದಾನಂದ ನಕ್ಕ. ನನಗೆ ನಗಲಾಗಲಿಲ್ಲ. ನಾನು ನೋಡಿ ಬೆಳೆದ ನಾಟಕಗಳಲ್ಲಿ ಖಳನಿಗೆ ಕಿರೀಟ, ಜರಿಯ ಅಂಗಿ ತೊಡಿಸಿಯೇ ರಂಗಕ್ಕೆ ಬಿಡುತ್ತಿದ್ದರು. ಈಗ ಕೈಗೊಂದು ಕಾರಿನ ಕೀಲಿ ಕೊಟ್ಟರೆ ಸಾಕು. ವೇಷಭೂಷಣದ ಖರ್ಚಂತೂ ಉಳಿಯಿತು!