ಹಡಗಿನ ಆಟದ ಕ್ಯಾಸೆಟ್ಟು

ತೊಂಬತ್ತರ ದಶಕದಲ್ಲಿ ನಾಗಮಂಗಲದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ವಿಡಿಯೋ ಅಂಗಡಿ ಇತ್ತು. ಅಂಗಡಿ ಅಂದರೆ ಒಂದು ಬಾಗಿಲು, ಒಂದು ಬೆಂಚು, ಒಂದು ಕ್ಯಾಮೆರಾ. ಹೆಗಲಿಗೇರಿಸಿದರೆ ಎಳೆಗರು ಹೊತ್ತಷ್ಟು ಭಾರ. ಪಾಂಡವಪುರ, ಕೆ.ಆರ್.ಪೇಟೆ, ಶ್ರೀರಂಗಪಟ್ಟಣ, ಎಲ್ಲಿ ಮದುವೆ ಆದರೂ ಹೊತ್ತುಕೊಂಡು ಹೋಗುತ್ತಿದ್ದೆ. ನನ್ನ ಥರ ಹಿಡಿಯೋನು ಈ ಸೀಮೆಯಲ್ಲೇ ಇಲ್ಲ ಅನ್ನೋ ಕೊಬ್ಬೂ ಇತ್ತು, ಸುಳ್ಳು ಯಾಕೆ ಹೇಳಲಿ.

ಶುರುವಿನಲ್ಲಿ ಕೆ.ಆರ್.ಪೇಟೆಯ ಒಂದು ಮದುವೆಗೆ ಹೋಗಿದ್ದೆ. ಧಾರೆ ಹೊತ್ತಿಗೆ ಹುಡುಗಿಯ ಸೋದರತ್ತೆ, ಗಂಡ ತೀರಿಹೋದವರು, ಕಂಬದ ಪಕ್ಕ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಚೆನ್ನಾಗಿದೆ ಅಂತ ಹಿಡಿದೆ. ಕ್ಯಾಸೆಟ್ಟು ನೋಡಿದ ಗಂಡಿನ ಕಡೆಯ ಹಿರಿಯರು ಅಂಗಡಿಗೇ ಬಂದು, ಶುಭಕಾರ್ಯದಲ್ಲಿ ಯಾರ ಮುಖ ತೋರಿಸಬೇಕು ಅನ್ನೋದೂ ಗೊತ್ತಿಲ್ಲವಾ ಅಂತ ಜಾಡಿಸಿದರು. ಅವತ್ತಿನಿಂದ ಅಂಥ ಹೆಂಗಸು ಕ್ಯಾಮೆರಾದ ಕಿಂಡಿಯಲ್ಲಿ ಕಂಡರೆ ಸಾಕು, ನನ್ನ ಬಲಗೈ ತಾನಾಗೇ ಹೂವಿನ ಕಡೆ ತಿರುಗುತ್ತಿತ್ತು. ನಾನು ತೆಗೆದ ಕ್ಯಾಸೆಟ್ಟುಗಳಲ್ಲಿ ಇದ್ದಕ್ಕಿದ್ದ ಹಾಗೆ ಮಲ್ಲಿಗೆ ಹಾರವೋ ಬಾಳೆಕಂದೋ ಬಂದರೆ, ಅಲ್ಲೊಬ್ಬ ಹೆಂಗಸು ನಿಂತಿದ್ದಳು ಅಂತ ತಿಳಿದುಕೊಳ್ಳಬೇಕು.

ನಮ್ಮಕ್ಕನೂ ಅಂಥವಳೇ. ಭಾವ ಹೋದಾಗ ಅವಳಿಗಿನ್ನೂ ಇಪ್ಪತ್ತೇಳು. ಒಬ್ಬಳೇ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬೆಳ್ಳೂರಿನ ಹತ್ತಿರದ ನಮ್ಮೂರಿಗೆ ವಾಪಸು ಬಂದಳು. ಎರಡು ಎಮ್ಮೆ ಕಟ್ಟಿ, ಡೈರಿಗೆ ಹಾಲು ಹಾಕಿ, ಮಗಳನ್ನು ಓದಿಸಿದಳು. ನಾನು ಕ್ಯಾಮೆರಾ ಎತ್ತಿದ ತಕ್ಷಣ ಸೆರಗು ಎಳೆದುಕೊಂಡು ಅಡುಗೆಮನೆ ಸೇರುತ್ತಿದ್ದಳು. ಊರವರನ್ನೆಲ್ಲ ಹಿಡಿದ ನನ್ನ ಹತ್ತಿರ ಅಕ್ಕ ಇರುವ ಒಂದು ಕ್ಯಾಸೆಟ್ಟೂ ಇರಲಿಲ್ಲ. ಇಲ್ಲ ಅನ್ನೋದು ನನ್ನ ದಡ್ಡ ತಲೆಗೆ ಹೊಳೆದೂ ಇರಲಿಲ್ಲ.

ಅದನ್ನು ತಲೆಗೆ ತುಂಬಿದವಳು ಅವಳ ಮಗಳು. ಅವಳಿಗೆ ಅರಕೆರೆಯ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಒಂದು ದಿನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತಳು.

"ಮಾವ, ನನ್ ಮದ್ವೆ ಕ್ಯಾಸೆಟ್ಟಲ್ಲಿ ಅವ್ವ ಇರಾಕಿಲ್ಲ ಅಂತ ನಂಗೊತ್ತು. ಅವ್ವ ಇರೋದು ಒಂದಾದ್ರೂ ನಾನು ತಕ್ಕೊಂಡೋಗ್ಬೇಕು."

ಮನೆಯಲ್ಲಿ ಹಿಡಿಯೋಕೆ ಹೋದರೆ ಓಡಿಹೋಗುತ್ತಾಳಲ್ಲ ಅಂದೆ. ಅದಕ್ಕೂ ಉಪಾಯ ಹುಡುಕಿಕೊಂಡೇ ಬಂದಿದ್ದಳು. ಮೈಸೂರಿನ ಕಡೆ ಹೊಸದಾಗಿ ಆಟದ ಪಾರ್ಕು ಆಗಿತ್ತು. ಅಲ್ಲಿ ಉಯ್ಯಾಲೆ ಥರ ತೂಗುವ ದೊಡ್ಡ ಹಡಗು ಇದೆ, ಕೂತವರ ತೊಡೆ ಮೇಲೆ ಕಬ್ಬಿಣದ ಸರಳು ಹಾಕಿಬಿಡುತ್ತಾರೆ, ಆಟ ಮುಗಿಯೋವರೆಗೂ ಅವ್ವ ಎದ್ದು ಹೋಗೋದಾದರೂ ಎಲ್ಲಿಗೆ ಅಂದಳು.

ಮದುವೆ ಸೀರೆ ತರುವ ನೆಪ ಹೇಳಿ ಅಕ್ಕನನ್ನು ಹೊರಡಿಸಿದೆವು. ಪಾರ್ಕಿನ ಗೇಟು ನೋಡಿದವಳೇ ನನಗೆ ಬಾಯಿಗೆ ಬಂದಂಗೆ ಬೈದಳು. ಮಗಳು ಕೈ ಬಿಡಲಿಲ್ಲ. ಅವರಿಬ್ಬರೂ ಹಡಗಿನ ಒಂದು ತುದಿಗೆ ಕೂತರು. ಆಟ ಆಡಿಸುವವನನ್ನು ಗೋಗರೆದು ಒಪ್ಪಿಸಿ, ನಾನು ಎದುರು ತುದಿಯಲ್ಲಿ ಕ್ಯಾಮೆರಾ ಹೊತ್ತು ಕೂತೆ. ಅಕ್ಕ ಎಂದಿನಂತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಡಗು ನಾಲ್ಕು ಸಲ ತೂಗುವ ಹೊತ್ತಿಗೆ ಸರಳು ಹಿಡಿಯೋಕೆ ಎರಡು ಕೈಯೂ ಬೇಕಾಯಿತು, ಸೆರಗು ಜಾರಿತು. ಮೊದಲು ಇಳಿಸ್ಲಾ, ಇಳಿಸ್ಲಾ ಅಂತ ಕೂಗಿದಳು. ಆಮೇಲೆ ಅದೇನಾಯಿತೋ, ನಗೋಕೆ ಶುರು ಮಾಡಿದಳು. ಅಕ್ಕ ಹಾಗೆ ಬಾಯಿ ತುಂಬ ನಕ್ಕಿದ್ದನ್ನು ಭಾವ ಹೋದ ಮೇಲೆ ನಾನು ಕಂಡಿರಲಿಲ್ಲ. ನನ್ನ ಕಣ್ಣು ಯಾವಾಗ ಕಿಂಡಿ ಬಿಟ್ಟು ಆಚೆ ಬಂತೋ ಗೊತ್ತಿಲ್ಲ. ಬರಿಗಣ್ಣಿನಲ್ಲೇ ಅವಳನ್ನು ನೋಡುತ್ತ ಕೂತಿದ್ದೆ.

ಮಾರನೇ ದಿನ ಮನೆಯ ಟೀವಿಗೆ ವಿಸಿಆರ್ ಹಾಕಿ ಮೂವರೂ ಕೂತೆವು. ಮೊದಲು ನನ್ನ ಸೊಸೆ, ಅಕ್ಕನ ಮಗಳು, ಬಂದಳು, ಸ್ಪಷ್ಟವಾಗಿ. ಪಕ್ಕದಲ್ಲಿ ಸೆರಗು ಹೊದ್ದ ಒಂದು ಹೆಗಲು. ಸೆರಗು ಜಾರುವ ಹೊತ್ತಿಗೆ ಚಿತ್ರ ಮೆಲ್ಲಗೆ ಆಚೆ ಸರಿದು ಹಡಗಿನ ಅಂಚಿಗೆ ಬರೆದಿದ್ದ ಬಣ್ಣದ ಹೂವಿನ ಮೇಲೆ ನಿಂತಿತು. ಮಿಕ್ಕ ಆಟವೆಲ್ಲ ಆ ಹೂವೇ. ಹೂವಿನ ಹಿಂದೆ ಅಕ್ಕನ ನಗು ಮಾತ್ರ ಕೇಳುತ್ತಿತ್ತು.

ನನಗೆ ಆ ಕೈಯನ್ನು ಕತ್ತರಿಸಿ ಬಿಸಾಕೋಣ ಅನ್ನಿಸಿತು. ಸೊಸೆ ಕ್ಯಾಸೆಟ್ಟು ಹಿಂದಕ್ಕೆ ತಿರುಗಿಸಿ ನಗುವನ್ನೇ ಇನ್ನೊಂದು ಸಲ ಕೇಳಿದಳು. ಅಕ್ಕ ಎದ್ದು ನನ್ನ ತಲೆ ಸವರಿದಳು.

"ಬುಡ್ಲಾ, ಕೈಗೆ ಅಭ್ಯಾಸ ಆಗೋಗದೆ. ನಂಗೂ ಆಗೋಗದೆ."

ಇನ್ನೊಂದು ಸಲ ಪಾರ್ಕಿಗೆ ಹೋಗೋಣ ಅಂದೆ. ಮದುವೆಗೆ ಹತ್ತು ದಿನ ಉಳಿದಿತ್ತು, ಯಾರಿಗೆ ಪುರಸೊತ್ತು.

ಮದುವೆ ದಿನ ಧಾರೆ ಎರೆಯೋಕೆ ಅಕ್ಕನ ಜಾಗದಲ್ಲಿ ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ನಿಂತರು. ಅಕ್ಕ ಛತ್ರದ ಊಟದ ಮನೆ ಬಾಗಿಲಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ ನಿಂತಿದ್ದಳು. ಧಾರೆ ಮುಗಿದ ಮೇಲೆ ಸೊಸೆ ಮಂಟಪದಿಂದ ಇಳಿದು, ಅಷ್ಟು ಜನರ ನಡುವೆ ನೆಟ್ಟಗೆ ಆ ಬಾಗಿಲಿಗೇ ಹೋದಳು. ನಾನೂ ಹಿಂದೆ ಹೋದೆ. ಅಕ್ಕ ಕ್ಯಾಮೆರಾ ನೋಡಿ ಒಳಕ್ಕೆ ಜಾರಿದಳು. ಮಗಳು ಕಂಕಣ ಕಟ್ಟಿದ ಕೈಯಲ್ಲಿ ಅವಳ ರಟ್ಟೆ ಹಿಡಿದು ನಿಲ್ಲಿಸಿಕೊಂಡಳು. ಹಿಂದಿನಿಂದ ಯಾರೋ ಹಿರಿಯರು ನನ್ನ ಹೆಸರು ಹಿಡಿದು ಗದರಿದರು.

ಬಲಗೈ ಆಗಲೇ ಬಾಗಿಲ ತೋರಣದ ಕಡೆ ಎಳೆಯುತ್ತಿತ್ತು. ಎಡಗೈಯಲ್ಲಿ ಅದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಈ ಸಲ ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ. ಅಕ್ಕ ಫೋಟೋಗೆ ನಿಂತವಳ ಹಾಗೆ ಉಸಿರು ಬಿಗಿಹಿಡಿದು, ಮಗಳ ಪಕ್ಕ ಅಲ್ಲಾಡದೆ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ತುಟಿ ಅಲುಗಿಸದೆ ಕೇಳಿದಳು.

"ಆಯ್ತೇನ್ಲಾ?"

"ಇನ್ನೂ ಇಲ್ಲ ಕಣಕ್ಕ," ಅಂದೆ. ಕ್ಯಾಸೆಟ್ಟು ಮುಗಿಯೋವರೆಗೂ ಅದನ್ನೇ ಅಂದೆ.